ದಾನಿ ಕೇಳಿದ ಪ್ರಶ್ನೆ

ಉರ್ದುವಿನಲ್ಲಿ 'ಗುರ್ದಾ' ಎಂದರೆ ಮೂತ್ರಪಿಂಡ. ಎದೆಗಾರಿಕೆಗೂ ಅದೇ ಹೆಸರು. ತನ್ನ ಎರಡು ಕಿಡ್ನಿಗಳಲ್ಲಿ ಒಂದನ್ನು ತಮ್ಮನಿಗೋ ಮಗಳಿಗೋ ಗಂಡನಿಗೋ ಕೊಡುವವರ ವಿಷಯದಲ್ಲಿ ಈ ಎರಡೂ ಅರ್ಥಗಳು ಒಂದಾಗುತ್ತವೆ. ಆದರೆ ಹತ್ತಿಪ್ಪತ್ತು ವರ್ಷಗಳು ಕಳೆದ ಮೇಲೆ ಅವರ ಗತಿ ಏನು? ಕಿಡ್ನಿ ಪಡೆದವರ ಯೋಗಕ್ಷೇಮವನ್ನು ನಾವೆಲ್ಲ ವಿಚಾರಿಸುತ್ತೇವೆ. ಕೊಟ್ಟವರನ್ನು ವಿಚಾರಿಸುವವರು ಯಾರು?

ಈ ಪ್ರಶ್ನೆ ಕಿಡ್ನಿ ಕಸಿಯಷ್ಟೇ ಹಳೆಯದು. 1954ರ ಡಿಸೆಂಬರ್ 23ರಂದು ಅಮೇರಿಕದ ಬೋಸ್ಟನ್ನಿನಲ್ಲಿ ಡಾ. ಜೋಸೆಫ್ ಮುರ್ರೆ ಅವರ ತಂಡ ರೊನಾಲ್ಡ್ ಹೆರಿಕ್ ಎಂಬವನ ಒಂದು ಕಿಡ್ನಿಯನ್ನು ಅವನ ಅವಳಿ ಸೋದರ ರಿಚರ್ಡನಿಗೆ ಜೋಡಿಸಿತು. ಜಗತ್ತಿನ ಮೊದಲ ಯಶಸ್ವಿ ಕಿಡ್ನಿ ಕಸಿ ಅದು. ಅದಕ್ಕೆ ಮೊದಲು ರೊನಾಲ್ಡ್ ವೈದ್ಯರನ್ನು ಕೇಳಿದ್ದ: ಕಿಡ್ನಿ ಕೊಟ್ಟರೆ ತನ್ನ ಉಳಿದ ಆಯುಷ್ಯದ ಆರೋಗ್ಯದ ಹೊಣೆಯನ್ನು ಆಸ್ಪತ್ರೆ ಹೊರುತ್ತದೆಯೇ? ಇಲ್ಲ ಎಂದರು ವೈದ್ಯರು. ಆದರೆ, ನಿನಗೆ ಸಹಾಯ ಬೇಕಾದಾಗ ಇಲ್ಲಿರುವ ಯಾರಾದರೂ ನಿನ್ನನ್ನು ಕೈಬಿಡುತ್ತಾರೆಯೇ ಎಂದು ಮರುಪ್ರಶ್ನೆಯನ್ನೂ ಹಾಕಿದರು. ಡಾ. ಮುರ್ರೆ ಅವರೇ ಇದನ್ನು ಮುಂದೆ ಬರೆದಿಟ್ಟರು. ಕಿಡ್ನಿ ಪಡೆದ ರಿಚರ್ಡ್ ಎಂಟು ವರ್ಷ ಬದುಕಿದ. ಮುರ್ರೆ ಅವರಿಗೆ 1990ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ರೊನಾಲ್ಡ್ 2010ರಲ್ಲಿ, ತನ್ನ 79ನೇ ವಯಸ್ಸಿನಲ್ಲಿ ತೀರಿಕೊಂಡ. ಅವನಿಗೆ ಸಿಕ್ಕಿದ್ದು ಬಾಯಿಮಾತಿನ ಭರವಸೆ ಮಾತ್ರ.

ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಜೀವಂತ ದಾನಿಯಿಂದ ಪಡೆದ ಕಿಡ್ನಿಯ ಕಸಿ ಯಶಸ್ವಿಯಾಯಿತು. ಆದರೆ ಬಡತನವಿರುವಲ್ಲಿ ದಾನ ವ್ಯಾಪಾರವಾಗಲು ತಡವಾಗಲಿಲ್ಲ. 1994ರಲ್ಲಿ ಸಂಸತ್ತು ಅಂಗಾಂಗ ಮಾರಾಟವನ್ನು ಅಪರಾಧವಾಗಿಸಿತು. 1995ರಲ್ಲಿ ಬೆಂಗಳೂರಿನಲ್ಲೇ ಬಡವರ ಕಿಡ್ನಿ ಮಾರಾಟದ ಜಾಲವೊಂದು ಬಯಲಾಯಿತು. ಹೀಗೆ ಮಾರಿಕೊಂಡವರ ಪಾಡನ್ನು ತಿಳಿಯಲು 2001ರಲ್ಲಿ ಸಂಶೋಧಕರು ಚೆನ್ನೈಯಲ್ಲಿ 305 ಜನರನ್ನು ಹುಡುಕಿ ಮಾತನಾಡಿಸಿದರು. ಅವರಲ್ಲಿ ನೂರಕ್ಕೆ 96 ಜನ ಮಾರಿದ್ದು ಸಾಲ ತೀರಿಸಲು. ಆದರೆ ಅವರ ಕುಟುಂಬಗಳ ಆದಾಯ ಮೂರನೇ ಒಂದು ಭಾಗದಷ್ಟು ಕುಸಿದಿತ್ತು. ಆರೋಗ್ಯ ಕೆಟ್ಟಿದೆ ಎಂದವರು ನೂರಕ್ಕೆ 86. ಕಿಡ್ನಿ ಹೋಯಿತು, ಸಾಲ ಉಳಿಯಿತು.

ಇದು ಮಾರಿದವರ ಮಾತಾಯಿತು. ಪ್ರೀತಿಯಿಂದ ಕೊಟ್ಟವರ ಕತೆ? ಅಮೇರಿಕದ ಮಿನ್ನೆಸೋಟಾದಲ್ಲಿ 1963ರಿಂದ 2007ರವರೆಗೆ ಕಿಡ್ನಿ ಕೊಟ್ಟ 3698 ಜನರ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ದಾನಿಗಳು ಜನಸಾಮಾನ್ಯರಷ್ಟೇ ಕಾಲ ಬದುಕುತ್ತಾರೆ ಎಂದು ಅದು ಹೇಳಿತು. ಸಮಾಧಾನದ ಸುದ್ದಿಯೇ. ಆದರೆ ಇಲ್ಲೊಂದು ತೊಡಕಿದೆ. ಬಿ.ಪಿ., ಸಕ್ಕರೆ ಕಾಯಿಲೆಗಳೆಲ್ಲ ಇಲ್ಲವೆಂದು ಸೋಸಿ ಆರಿಸಿದವರೇ ದಾನಿಗಳು. ಅವರನ್ನು ರೋಗಿಗಳೂ ಸೇರಿರುವ ಜನಸಾಮಾನ್ಯರೊಂದಿಗೆ ತೂಗಿದರೆ ತಕ್ಕಡಿ ಸರಿಯಾಗುವುದೇ? 2014ರಲ್ಲಿ 96,000ಕ್ಕೂ ಹೆಚ್ಚು ಅಮೇರಿಕನ್ ದಾನಿಗಳನ್ನು ಅವರಷ್ಟೇ ಆರೋಗ್ಯವಂತರಾದ, ಕಿಡ್ನಿ ಕೊಡದವರೊಂದಿಗೆ ಹೋಲಿಸಿ ನೋಡಿದರು. 15 ವರ್ಷಗಳಲ್ಲಿ ಕಿಡ್ನಿ ಪೂರ್ತಿ ಸೋಲುವ ಸಂಭವ ದಾನಿಗಳಲ್ಲಿ 10,000ಕ್ಕೆ ಸುಮಾರು 31, ಕೊಡದವರಲ್ಲಿ ಸುಮಾರು 4. ಅಪಾಯ ಚಿಕ್ಕದು, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಈ ಎರಡೂ ಮಾತುಗಳನ್ನು ದಾನಿಗೆ ಹೇಳಬೇಕು.

ಹೆಣ್ಣುಮಕ್ಕಳಿಗಂತೂ ಹೇಳಲೇಬೇಕು. ಭಾರತದಲ್ಲಿ 2018ರಿಂದ 2023ರವರೆಗೆ ಅಂಗ ಕೊಟ್ಟ ಜೀವಂತ ದಾನಿಗಳಲ್ಲಿ ನೂರಕ್ಕೆ ಸುಮಾರು 64 ಜನ ಮಹಿಳೆಯರು. ತಾಯಿ, ಹೆಂಡತಿ, ಅಕ್ಕ ಕೊಡುತ್ತಾರೆ. ಮನೆಯವರು ಅದನ್ನು ಅವರ ಸಹಜ ಧರ್ಮವೆಂದು ಬಗೆದು ಸುಮ್ಮನಾಗುತ್ತಾರೆ. ಕಿಡ್ನಿ ಕೊಟ್ಟ ಮೇಲೆ ಬಸುರಿಯಾದವರಲ್ಲಿ ರಕ್ತದೊತ್ತಡದ ತೊಂದರೆ ಹೆಚ್ಚು ಎಂದು ಕೆನಡಾದ ಒಂದು ಅಧ್ಯಯನ ತೋರಿಸಿದೆ: ದಾನಿಗಳಲ್ಲಿ ನೂರಕ್ಕೆ 11, ಉಳಿದವರಲ್ಲಿ 5. ಮದುವೆಯಾಗಬೇಕಾದ ತಂಗಿಯೊಬ್ಬಳು ಅಣ್ಣನಿಗೆ ಕಿಡ್ನಿ ಕೊಡಲು ಮುಂದಾದಾಗ ಈ ಸಂಗತಿ ಅವಳಿಗೆ ಗೊತ್ತಿರಬೇಡವೇ?

ಶಿವಮೊಗ್ಗ, ಭದ್ರಾವತಿ ಕಡೆಯ ಸಂಸಾರಗಳು ಕಿಡ್ನಿ ಕಸಿಗೆಂದು ಬೆಂಗಳೂರಿಗೋ ಮಣಿಪಾಲಕ್ಕೋ ಹೋಗುತ್ತಾ ಬಂದಿವೆ. ಪಡೆದವರು ಔಷಧಿಗಾಗಿ ಮತ್ತೆ ಮತ್ತೆ ಅಲ್ಲಿಗೆ ಹೋಗಲೇಬೇಕು. ಕೊಟ್ಟವರು ಗಾಯ ಮಾಗಿದ ಮೇಲೆ ಒಲೆಯ ಮುಂದೆಯೋ ಅಂಗಡಿಯ ಗಲ್ಲಾದಲ್ಲೋ ಕೂತುಬಿಡುತ್ತಾರೆ. ಉಳಿದ ಒಂದು ಕಿಡ್ನಿ ಹಿಗ್ಗಿ ಇಬ್ಬರ ಕೆಲಸವನ್ನು ಬಹುಮಟ್ಟಿಗೆ ತೂಗಿಸುತ್ತದೆ. ಹಾಗಾಗಿ ನೋವೂ ಇಲ್ಲ, ನೆನಪೂ ಇಲ್ಲ. ಕಿಡ್ನಿ ಸೋಲುವುದು ಸದ್ದಿಲ್ಲದೆ. ಅದನ್ನು ಮೊದಲೇ ಹಿಡಿಯಲು ವರ್ಷಕ್ಕೊಮ್ಮೆ ಬಿ.ಪಿ. ನೋಡಿಸಬೇಕು, ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್ ಪರೀಕ್ಷಿಸಬೇಕು. ಇದಕ್ಕೆ ಬೆಂಗಳೂರು ಬೇಡ. ಕ್ಲಿನಿಕ್ಕು, ಲ್ಯಾಬು, ಔಷಧಿ ಅಂಗಡಿಗಳು ಸಾಲಾಗಿರುವ ನಮ್ಮ ದುರ್ಗಿಗುಡಿಯಲ್ಲೇ ಒಂದು ಬೆಳಗಿನಲ್ಲಿ ಮುಗಿಯುವ ಕೆಲಸ. ಮೈಕೈ ನೋವಿನ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನುಂಗಬಾರದು ಎಂಬುದೂ ದಾನಿಗೆ ನೆನಪಿರಬೇಕು.

2011ರಲ್ಲಿ ತಿದ್ದುಪಡಿಯಾದ ಕಾಯ್ದೆ ದಾನಿಗಳ ಮತ್ತು ಪಡೆದವರ ರಾಷ್ಟ್ರೀಯ ನೋಂದಣಿ ಇರಬೇಕೆನ್ನುತ್ತದೆ. ಹೆಸರು ಬರೆದುಕೊಂಡರೆ ಸಾಲದು. ಹತ್ತು ವರ್ಷಗಳ ಮೇಲೆ ಆ ಹೆಸರಿನ ಮನುಷ್ಯ ಹೇಗಿದ್ದಾನೆಂದೂ ಬರೆಯಬೇಕು. ಅಮೇರಿಕದ, ಕೆನಡಾದ ಅಂಕಿಗಳಿಂದ ನಮ್ಮ ಬಿಸಿಲು, ನಮ್ಮ ದುಡಿಮೆ, ನಮ್ಮ ಸಕ್ಕರೆ ಕಾಯಿಲೆಯ ಲೆಕ್ಕ ಸಿಗುವುದಿಲ್ಲ. ಆ ಲೆಕ್ಕ ಸಿಗಬೇಕಾದರೆ ನಮ್ಮೂರಿನ ದಾನಿ ವರ್ಷಕ್ಕೊಮ್ಮೆ ಲ್ಯಾಬಿಗೆ ಹೋಗಬೇಕು. ಆಕೆಯ ಕಿಡ್ನಿಯಿಂದ ಬದುಕುತ್ತಿರುವ ಮನೆಮಂದಿಯೇ ಅವಳನ್ನು ಕರೆದುಕೊಂಡು ಹೋಗಬೇಕು.