ಹಳೆಯ ಟೆಂಟ್ ಒಳಗೆ ಅಂಟಂಟಾಗುವುದೇಕೆ? ಅದನ್ನು ಮತ್ತೆ ಬಳಸಬಹುದೇ?

ಟ್ರೆಕ್ಕಿಂಗ್‌ಗೆಂದು ಏಳೆಂಟು ವರ್ಷಗಳ ಹಿಂದೆ ಕೊಂಡ ಟೆಂಟ್. ಬಳಸಿದ್ದು ಹೆಚ್ಚೆಂದರೆ ನಾಲ್ಕು ಸಲ. ಆಮೇಲೆ ಅದರದೇ ಚೀಲಕ್ಕೆ ತುರುಕಿ ಅಟ್ಟದ ಮೇಲೆ ಇಟ್ಟಿದ್ದೆವು. ಈಗ ತೆಗೆದು ಬಿಚ್ಚಿದರೆ ಮಡಿಕೆಗಳು ಒಂದಕ್ಕೊಂದು ಅಂಟಿಕೊಂಡಿವೆ, ಮುಟ್ಟಿದರೆ ಬೆಲ್ಲದ ಪಾಕ ತಾಗಿದ ಹಾಗೆ ಜಿಗುಟು, ಜೊತೆಗೆ ಕೆಟ್ಟ ಹುಳಿ ವಾಸನೆ. ಬಳಸದೆ ಜೋಪಾನವಾಗಿಟ್ಟ ವಸ್ತು ಹಾಳಾಗಿದ್ದಾದರೂ ಹೇಗೆ? ತೊಳೆದರೆ ಸರಿಹೋಗುತ್ತದೆಯೇ? ಮೇಲೊಂದು ವಾಟರ್‌ಪ್ರೂಫ್ ಸ್ಪ್ರೇ ಹೊಡೆದರೆ ಸಾಕೇ?

ಎರಡಕ್ಕೂ ಉತ್ತರ 'ಇಲ್ಲ'. ಆದರೆ ಟೆಂಟನ್ನು ಎಸೆಯಲೇಬೇಕೆಂದೂ ಇಲ್ಲ. ಹಾಳಾಗಿರುವುದು ಏನು ಎಂದು ತಿಳಿದರೆ ಅನೇಕ ಸಲ ಮನೆಯಲ್ಲೇ ಸರಿಪಡಿಸಬಹುದು.

ಟೆಂಟಿನ ಬಟ್ಟೆ ನೀರನ್ನು ತಡೆಯುವುದು ಹೇಗೆ?

ಈಗಿನ ಟೆಂಟುಗಳ ಬಟ್ಟೆ ನೈಲಾನ್ ಅಥವಾ ಪಾಲಿಯೆಸ್ಟರ್. ನೇಯ್ದ ಬಟ್ಟೆ ಎಂದಮೇಲೆ ಎಳೆಗಳ ನಡುವೆ ಸಂದುಗಳು ಇದ್ದೇ ಇರುತ್ತವೆ. ಅವುಗಳಿಂದ ನೀರು ನುಗ್ಗದಂತೆ ಮೂರು ಏರ್ಪಾಡುಗಳಿರುತ್ತವೆ.

ಮೊದಲನೆಯದು ಹೊರಮೈಗೆ ಕೊಟ್ಟ ಸಂಸ್ಕರಣೆ. ಕೆಸುವಿನ ಎಲೆಯ ಮೇಲೆ ನಿಲ್ಲುವ ಹಾಗೆ ನೀರು ಹನಿಯಾಗಿ ಉರುಳಿಹೋಗುವುದು ಇದರಿಂದ. ಎರಡನೆಯದು ಒಳಮೈಗೆ ಬಳಿದ ತೆಳುವಾದ ಪಾಲಿಯುರೆಥೇನ್ ಪದರ. ನಿಜವಾಗಿ ಮಳೆಯನ್ನು ತಡೆಯುವುದು ಈ ಪದರವೇ. ಮೂರನೆಯದು ಹೊಲಿಗೆಗಳ ಮೇಲೆ ಅಂಟಿಸಿದ ಪಟ್ಟಿ. ಸೂಜಿ ಚುಚ್ಚಿದ ತೂತುಗಳನ್ನು ಅದು ಮುಚ್ಚುತ್ತದೆ.

ಟೆಂಟಿನ ಲೇಬಲ್ ಮೇಲೆ 2000 ಮಿ.ಮೀ., 3000 ಮಿ.ಮೀ. ಎಂದು ಬರೆದಿರುವುದನ್ನು ನೀವು ನೋಡಿರಬಹುದು. ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರಿನ ಕಂಬ ನಿಂತರೂ ಅದು ಒಳಗೆ ಜಿನುಗದೆ ತಡೆಯುತ್ತದೆ ಎಂಬುದು ಅದರ ಅರ್ಥ. 3000 ಮಿ.ಮೀ. ಎಂದರೆ ಮೂರು ಮೀಟರ್. ಈ ಶಕ್ತಿ ಬರುವುದು ಮುಖ್ಯವಾಗಿ ಒಳಗಿನ ಲೇಪನದಿಂದ.

ಅಂಟು ಬರುವುದು ಎಲ್ಲಿಂದ?

ಪಾಲಿಯುರೆಥೇನ್ ಎಂಬುದು ಉದ್ದುದ್ದ ಸರಪಳಿಯಂಥ ಅಣುಗಳಿಂದಾದ ವಸ್ತು. 1937ರಲ್ಲಿ ಜರ್ಮನಿಯ ಓಟೊ ಬೇಯರ್ ಮತ್ತು ಸಂಗಡಿಗರು ಇದನ್ನು ರೂಪಿಸಿದರು. ಇದರಲ್ಲಿ ಹಲವು ಬಗೆಗಳಿವೆ. ಎಷ್ಟೋ ಟೆಂಟುಗಳಲ್ಲಿ ಬಳಸುವುದು ಪಾಲಿಯೆಸ್ಟರ್ ಆಧಾರಿತ ಬಗೆ. ಅದರ ಸರಪಳಿಯಲ್ಲಿ ಎಸ್ಟರ್ ಎಂಬ ಕೊಂಡಿಗಳಿರುತ್ತವೆ. ಗಾಳಿಯಲ್ಲಿರುವ ತೇವಾಂಶ ಈ ಕೊಂಡಿಗಳನ್ನು ನಿಧಾನವಾಗಿ ಕತ್ತರಿಸುತ್ತಾ ಹೋಗುತ್ತದೆ. ಈ ಕ್ರಿಯೆಯೇ ಹೈಡ್ರಾಲಿಸಿಸ್, ಅಂದರೆ ಜಲವಿಚ್ಛೇದನ.

ಉದ್ದನೆಯ ಸರಪಳಿ ತುಂಡಾದಾಗ ಗಟ್ಟಿಯಾದ ಪದರ ಮೆತ್ತಗಾಗಿ ಜಿಗುಟಾಗುತ್ತದೆ. ಕೊಂಡಿ ಕಳಚಿದಲ್ಲಿ ಆಮ್ಲ ಉಂಟಾಗುತ್ತದೆ, ಆ ಆಮ್ಲ ಉಳಿದ ಕೊಂಡಿಗಳು ಇನ್ನೂ ಬೇಗ ಕಳಚುವಂತೆ ಮಾಡುತ್ತದೆ. ವರ್ಷಗಟ್ಟಲೆ ಚೆನ್ನಾಗಿಯೇ ಇದ್ದ ಟೆಂಟ್ ಒಂದೆರಡು ಮಳೆಗಾಲದಲ್ಲಿ ದಿಢೀರನೆ ಕೆಟ್ಟಂತೆ ಕಾಣುವುದಕ್ಕೆ ಇದೇ ಕಾರಣ. ಶಾಖವೂ ತೇವವೂ ಸೇರಿದರೆ ಕ್ರಿಯೆಯ ವೇಗ ಹೆಚ್ಚು. ಮಲೆನಾಡು, ಕರಾವಳಿಯ ಮನೆಗಳಲ್ಲಿ ಹೆಂಚಿನ ಕೆಳಗಿನ ಅಟ್ಟ ಇದಕ್ಕೆ ಹೇಳಿ ಮಾಡಿಸಿದ ಜಾಗ: ಬೇಸಿಗೆಯಲ್ಲಿ ಕಾವು, ಮಳೆಗಾಲದಲ್ಲಿ ಥಂಡಿ.

ಹೊಸದಾಗಿಯೇ ಪೆಟ್ಟಿಗೆಯಲ್ಲಿಟ್ಟ ಶೂಗಳ ಅಟ್ಟೆ ಪುಡಿಪುಡಿಯಾಗುವುದರ ಹಿಂದೆ ಇರುವುದೂ ಹೆಚ್ಚಾಗಿ ಇದೇ ಕ್ರಿಯೆ. ರೆಕ್ಸಿನ್ ಸೋಫಾಗಳಲ್ಲಿ ಪಾಲಿಯುರೆಥೇನ್ ಹೊದಿಕೆ ಇರುವಂಥವು ಸಿಪ್ಪೆ ಏಳುವುದರಲ್ಲೂ ಇದರ ಪಾಲಿದೆ. 'ಬಳಸದಿದ್ದರೆ ಸವೆಯುವುದಿಲ್ಲ' ಎಂಬ ಮಾತು ಇಂಥ ವಸ್ತುಗಳಿಗೆ ಅನ್ವಯಿಸುವುದಿಲ್ಲ.

ಮೊದಲು ತೊಂದರೆ ಯಾವುದೆಂದು ಗುರುತಿಸೋಣ

ಬಿಸಿಲಿಗೆ ಹಿಡಿದು ನೋಡುವುದು, ಕೈಯಿಂದ ಮುಟ್ಟುವುದು, ಸ್ವಲ್ಪ ನೀರು ಚಿಮುಕಿಸುವುದು: ಇಷ್ಟು ಸಾಕು.

• ಹೊರಮೈ ನೀರನ್ನು ಹೀರಿ ಕಪ್ಪಾಗುತ್ತದೆ, ಆದರೆ ಒಳಮೈ ನಯವಾಗಿದೆ: ಹೊರಗಿನ ಸಂಸ್ಕರಣೆ ಮಾತ್ರ ಹೋಗಿದೆ. ಬಟ್ಟೆಯನ್ನು ತೊಳೆದು ಒಣಗಿಸಿ ನೀರು ವಿಕರ್ಷಕ ಸ್ಪ್ರೇ ಬಳಸಿದರೆ ಸಾಕು.

• ಒಳಮೈ ಜಿಗುಟಾಗಿದೆ, ಹೊಟ್ಟಿನಂತೆ ಉದುರುತ್ತಿದೆ: ಲೇಪನವೇ ಹಾಳಾಗಿದೆ. ಅದನ್ನು ತೆಗೆದು ಹೊಸದು ಬಳಿಯಬೇಕು.

• ಹೊಲಿಗೆಯ ಪಟ್ಟಿ ಮಾತ್ರ ಏಳುತ್ತಿದೆ: ಪಟ್ಟಿಯನ್ನು ಕಿತ್ತು, ಅಂಟನ್ನು ಒರೆಸಿ, ಹೊಲಿಗೆಗಳಿಗೆ ಸೀಲರ್ ಹಚ್ಚಬೇಕು.

• ಹೆಬ್ಬೆರಳುಗಳಿಂದ ಎಳೆದರೆ ಬಟ್ಟೆ ಕಾಗದದಂತೆ ಹರಿಯುತ್ತದೆ: ಬಿಸಿಲಿನ ನೇರಳಾತೀತ ಕಿರಣಗಳಿಂದ ನೂಲೇ ಸತ್ತಿದೆ. ಇದಕ್ಕೆ ಯಾವ ಲೇಪನವೂ ಮದ್ದಲ್ಲ.

ಮಳೆಯಿಲ್ಲದ ರಾತ್ರಿಯಲ್ಲೂ ಬೆಳಗ್ಗೆ ಒಳಗೆ ಒದ್ದೆಯಾಗಿದ್ದರೆ ಅದು ಸೋರಿಕೆಯಲ್ಲ. ನಮ್ಮ ಉಸಿರಿನ ಆವಿ ತಣ್ಣನೆಯ ಬಟ್ಟೆಗೆ ತಾಗಿ ಹನಿಗಟ್ಟಿದ್ದು ಅಷ್ಟೇ. ಗಾಳಿಕಿಂಡಿಗಳನ್ನು ತೆರೆದಿಡುವುದೇ ಅದಕ್ಕೆ ಪರಿಹಾರ.

ಹಳೆಯ ಲೇಪನವನ್ನು ತೆಗೆಯುವುದು

ಕೆಟ್ಟ ಪದರದ ಮೇಲೆ ಹೊಸದನ್ನು ಬಳಿದರೆ, ಸಿಪ್ಪೆ ಏಳುವ ಗೋಡೆಗೆ ಸುಣ್ಣ ಹೊಡೆದ ಹಾಗೆ: ಹಳೆಯದರ ಜೊತೆ ಹೊಸದೂ ಕಳಚಿ ಬರುತ್ತದೆ. ಆದ್ದರಿಂದ ತೆಗೆಯುವ ಕೆಲಸವೇ ದೊಡ್ಡದು, ಅದರಲ್ಲಿ ಅವಸರ ಬೇಡ.

ಕೋಲು, ಹಗ್ಗಗಳನ್ನು ಬಿಡಿಸಿ ಹೊರಹೊದಿಕೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ, ಸ್ವಲ್ಪ ದ್ರವ ಡಿಟರ್ಜೆಂಟ್ ಹಾಕಿ, ಒಂದೆರಡು ಗಂಟೆ ನೆನೆಸಿ. ಆಮೇಲೆ ಚಪ್ಪಟೆಯಾಗಿ ಹರಡಿ ಒಳಮೈಯನ್ನು ಮೃದುವಾದ ಬ್ರಷ್‌ನಿಂದ ಉಜ್ಜಿ. ಪೂರ್ತಿ ಕೆಟ್ಟ ಲೇಪನ ಹಿಟ್ಟಿನಂತೆ ಸುರುಳಿಗಟ್ಟಿ ಬರುತ್ತದೆ. ಬಿಡದ ಕಡೆ ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ ಸಮಪಾಲು ನೀರು ಬೆರೆಸಿ ಬಟ್ಟೆಯಿಂದ ಒರೆಸಿ. ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಿ; ಬಣ್ಣ ಬಿಟ್ಟರೆ ಅಲ್ಲಿಗೇ ನಿಲ್ಲಿಸಿ. ಆಲ್ಕೊಹಾಲ್ ಬೇಗ ಹೊತ್ತಿಕೊಳ್ಳುವುದರಿಂದ ಬಯಲಿನಲ್ಲಿ, ಒಲೆ ದೀಪಗಳಿಂದ ದೂರ ಕೂತು ಕೆಲಸ ಮಾಡಿ.

ಉದುರಿದ ಚೂರುಗಳು ಪ್ಲಾಸ್ಟಿಕ್ಕೇ ಆದ್ದರಿಂದ ಚರಂಡಿಗೆ ಬಿಡದೆ ಬಟ್ಟೆಯಲ್ಲಿ ಸೋಸಿ ಕಸಕ್ಕೆ ಹಾಕಿ. ಟೆಂಟನ್ನು ನೆರಳಿನಲ್ಲಿ ಪೂರ್ತಿ ಒಣಗಿಸಿ ಬೆಳಕಿಗೆ ಹಿಡಿದರೆ, ಲೇಪನ ಉಳಿದ ಜಾಗ ಹೊಳೆಯುತ್ತದೆ. ಅಲ್ಲಿ ಮತ್ತೊಮ್ಮೆ ಉಜ್ಜಬೇಕು.

ಹೊಸ ಲೇಪನ ಬಳಿಯುವುದು

ಇದಕ್ಕೆ ಎರಡು ದಾರಿ. ಒಂದು, ಟೆಂಟಿಗೆಂದೇ ಸಿಗುವ ಪಾಲಿಯುರೆಥೇನ್ ದ್ರವವನ್ನು ಬ್ರಷ್‌ನಿಂದ ಒಳಮೈಗೆ ತೆಳುವಾಗಿ ಹಚ್ಚುವುದು. ಇನ್ನೊಂದು, ಶುದ್ಧ ಸಿಲಿಕೋನ್ ಸೀಲೆಂಟನ್ನು ಬಣ್ಣದ ಅಂಗಡಿಯಲ್ಲಿ ಸಿಗುವ ಮಿನರಲ್ ಟರ್ಪೆಂಟೈನ್‌ನಲ್ಲಿ ಕರಗಿಸಿ ಹಚ್ಚುವುದು. ಒಂದು ಪಾಲು ಸಿಲಿಕೋನ್‌ಗೆ ಐದಾರು ಪಾಲು ಟರ್ಪೆಂಟೈನ್ ಹಾಕಿ, ಗಂಟಿಲ್ಲದಂತೆ ಕಲಸಿ, ಬಟ್ಟೆಗೆ ತೀಡಿ, ಹೆಚ್ಚಾದದ್ದನ್ನು ಒರೆಸಿಬಿಡಬೇಕು. ದಪ್ಪಗೆ ಹಚ್ಚಿದರೆ ತೂಕ ಹೆಚ್ಚುತ್ತದೆಯೇ ಹೊರತು ಲಾಭವಿಲ್ಲ. ಹೊಲಿಗೆಗಳಿಗೆ ಮಾತ್ರ ಇನ್ನಷ್ಟು ಗಟ್ಟಿ ಮಿಶ್ರಣ ಬೇಕು. ಈ ಕೆಲಸವೂ ಬಯಲಿನಲ್ಲೇ, ಬೆಂಕಿಯಿಂದ ದೂರ ಆಗಬೇಕು. ಒಂದು ದಿನ ಪೂರ್ತಿ ಆರಲು ಬಿಡಿ.

ಒಂದು ವಿಷಯ ನೆನಪಿರಲಿ: ಸಿಲಿಕೋನ್ ಮೇಲೆ ಸಿಲಿಕೋನ್ ಬಿಟ್ಟರೆ ಬೇರೇನೂ ಹಿಡಿಯುವುದಿಲ್ಲ. ಒಮ್ಮೆ ಆ ದಾರಿ ಹಿಡಿದರೆ ಮುಂದಿನ ರಿಪೇರಿಗಳಿಗೂ ಅದೇ ಗತಿ.

ಕೆಲವು ತಪ್ಪು ನಂಬಿಕೆಗಳು

'ಟಾಲ್ಕಂ ಪೌಡರ್ ಹಾಕಿದರೆ ಸರಿಹೋಗುತ್ತದೆ.' ಬೆರಳಿಗೆ ಅಂಟುವುದು ಕೆಲವು ದಿನ ನಿಲ್ಲುತ್ತದೆ, ಮಳೆ ನಿಲ್ಲುವುದಿಲ್ಲ. ಮುರಿದ ಕೊಂಡಿಗಳನ್ನು ಪೌಡರ್ ಕೂಡಿಸಲಾರದು.

'ಮೇಣ ತಿಕ್ಕಿದರೆ ಸಾಕು.' ದಪ್ಪ ಹತ್ತಿಯ ಕ್ಯಾನ್ವಾಸ್ ಡೇರೆಗೆ ಇದು ಹಳೆಯ, ಒಳ್ಳೆಯ ಉಪಾಯ. ಹತ್ತಿ ಮೇಣವನ್ನು ಹೀರಿಕೊಳ್ಳುತ್ತದೆ. ನುಣುಪಾದ ನೈಲಾನ್ ಮೇಲೆ ಅದು ನಿಲ್ಲದೆ ಮಡಿಸಿದಾಗ ಬಿರಿಯುತ್ತದೆ. ಬೆಂಕಿಯ ಭಯವೂ ಹೆಚ್ಚು.

'ಬೂಷ್ಟು ಹಿಡಿದರೆ ಬ್ಲೀಚ್ ಹಾಕಿ.' ಬ್ಲೀಚ್ ನೈಲಾನ್ ನೂಲನ್ನು ದುರ್ಬಲಗೊಳಿಸುತ್ತದೆ. ಸೋಪು ನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ. ಕಲೆ ಉಳಿದರೆ ಉಳಿಯಲಿ, ಕಲೆಯಿಂದ ಟೆಂಟ್ ಸೋರುವುದಿಲ್ಲ.

ಹೊರಡುವ ಮುನ್ನ ಪರೀಕ್ಷೆ

ಮನೆಯಲ್ಲಿ ಬಳಿದ ಲೇಪನ ಕಾರ್ಖಾನೆಯದರಷ್ಟು ಸಮನಾಗಿರುವುದಿಲ್ಲ. ಆದ್ದರಿಂದ ಅಂಗಳದಲ್ಲೋ ತಾರಸಿಯಲ್ಲೋ ಟೆಂಟ್ ನಿಲ್ಲಿಸಿ, ಒಳಗೆ ನೆಲದ ತುಂಬ ಹಳೆಯ ಪತ್ರಿಕೆ ಹಾಸಿ, ಇಪ್ಪತ್ತು ನಿಮಿಷ ಪೈಪಿನಿಂದ ನೀರು ಬಿಡಿ. ಕಾಗದದ ಮೇಲೆ ಒದ್ದೆ ಚುಕ್ಕಿ ಬಿದ್ದಲ್ಲಿ ಸರಿಯಾಗಿ ಮೇಲೆ ನೋಡಿದರೆ ಸೋರುವ ಜಾಗ ಸಿಗುತ್ತದೆ.

ಈ ಪರೀಕ್ಷೆಯನ್ನು ಬಿಡಬೇಡಿ. ಬೆಟ್ಟದ ಮೇಲೆ ಒದ್ದೆ ಬಟ್ಟೆ, ಗಾಳಿ, ಚಳಿ ಮೂರೂ ಸೇರಿದರೆ, ಹಿಮ ಬೀಳುವಷ್ಟು ತಣ್ಣಗಿಲ್ಲದಿದ್ದರೂ ದೇಹದ ಶಾಖ ಅಪಾಯಕಾರಿಯಾಗಿ ಇಳಿಯಬಹುದು. ಅನುಮಾನ ಉಳಿದ ಟೆಂಟ್ ಮಕ್ಕಳ ಆಟಕ್ಕೆ ಇರಲಿ, ಹಿಮಾಲಯಕ್ಕೆ ಬೇಡ.

ಮತ್ತೆ ಹೀಗಾಗದಿರಲು

ಟೆಂಟನ್ನು ಒಣಗಿದೆ ಅನ್ನಿಸಿದ ಮೇಲೂ ಇನ್ನೊಂದು ದಿನ ನೆರಳಿನಲ್ಲಿ ಹರವಿ. ಅದರ ಬಿಗಿಯಾದ ಚೀಲಕ್ಕೆ ತುರುಕದೆ ದೊಡ್ಡ ಹತ್ತಿ ಚೀಲದಲ್ಲಿ ಸಡಿಲವಾಗಿಡಿ. ಅಟ್ಟ, ಕಾರಿನ ಡಿಕ್ಕಿ, ತಗಡಿನ ಶೆಡ್ ಬೇಡ. ಮನೆಯೊಳಗಿನ ಬೀರು ಉತ್ತಮ. ಮಳೆಗಾಲ ಕಳೆದ ಮೇಲೆ ವರ್ಷಕ್ಕೊಮ್ಮೆ ತೆಗೆದು ಗಾಳಿಯಾಡಿಸಿ, ಒಳಮೈಯನ್ನು ಬೆರಳಿನಿಂದ ಮುಟ್ಟಿ ನೋಡಿ. ಮಳೆಯಿಂದ ನಮ್ಮನ್ನು ಕಾಯುವ ಈ ಪದರಕ್ಕೆ ಒಂದು ರಾತ್ರಿಯ ಜಡಿಮಳೆಗಿಂತ ವರ್ಷಗಟ್ಟಲೆ ಬಿಡದ ತೇವವೇ ದೊಡ್ಡ ಶತ್ರು.