ಸಮುದ್ರ ಕಾಣದ ಊರಿನ ಸವಾರರು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ – ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ಕಾವೇರಿ, ಲಕ್ಷ್ಮಣತೀರ್ಥ, ಕಬಿನಿ ಹರಿಯುತ್ತವೆ. ಆದರೆ ಸಮುದ್ರವಿಲ್ಲ. ಶಾಲಾ ಪ್ರವಾಸದ ಬಸ್ಸು ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿಯುವಾಗ ಕೆಲವು ಮಕ್ಕಳು ವಾಂತಿ ಮಾಡುತ್ತಾರೆ, ಉಳಿದವರು ನಗುತ್ತಾರೆ. ಹಾಗೆ ನಗುವ ವಿದ್ಯಾರ್ಥಿಗಳಿಗಾಗಿಯೇ ಈ ಲೇಖನ.

ಆಗ ನಮ್ಮ ತಾಲ್ಲೂಕುಗಳೆಲ್ಲ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್ ಬೊಂಬಾಯಿಯಲ್ಲಿ ಹಡಗು ಹತ್ತಿ ಈಜಿಪ್ಟಿಗೆ ಹೊರಟಿತು. ಬಯಲು ನಾಡಿನ ಸವಾರರಿಗೆ ಅರಬ್ಬೀ ಸಮುದ್ರ ಹೊಸದು. ಅಂಥ ಪ್ರಯಾಣದಲ್ಲಿ ಸವಾರನ ಕಷ್ಟ ಎರಡು ಬಗೆ. ತನ್ನ ತಲೆ ತಿರುಗುತ್ತಿದ್ದರೂ ಕುದುರೆಗೆ ಮೇವು ನೀರು ಕೊಡಲೇಬೇಕು. ಮನುಷ್ಯನಾದರೋ ವಾಂತಿ ಮಾಡಿಕೊಂಡಾನು, ಕುದುರೆಯ ದೇಹರಚನೆಯಲ್ಲಿ ಅದೂ ಸಾಧ್ಯವಿಲ್ಲ. ಮೂಕ ಪ್ರಾಣಿಯ ಸಂಕಟ ಅದು ಮೇವು ಬಿಟ್ಟಾಗಲೇ ತಿಳಿಯುವುದು.

ಈ ಕಾಯಿಲೆಗೆ ಕಾರಣ ಹೊಟ್ಟೆಯಲ್ಲ, ಕಿವಿ. ನಮ್ಮ ಒಳಕಿವಿಯಲ್ಲಿ ಸಮತೋಲನವನ್ನು ತಿಳಿಸುವ ಅಂಗವಿದೆ. 'ಅಲುಗಾಡುತ್ತಿದ್ದೇವೆ' ಎಂದು ಕಿವಿ ಹೇಳುತ್ತದೆ, 'ಎದುರಿನ ಗೋಡೆ ನಿಂತಲ್ಲೇ ಇದೆ' ಎಂದು ಕಣ್ಣು ಹೇಳುತ್ತದೆ. ಈ ಎರಡು ಸಾಕ್ಷಿಗಳು ಹೊಂದದಿದ್ದಾಗ ಮೆದುಳು ಗೊಂದಲಕ್ಕೀಡಾಗಿ ವಾಕರಿಕೆ ಬರುತ್ತದೆ. ನೀರಿನಲ್ಲೂ ನೆಲದಲ್ಲೂ ಚಲಿಸುವ ಉಭಯಚರ ಸೇನಾ ವಾಹನಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಮುಚ್ಚಿದ ಕಬ್ಬಿಣದ ಪೆಟ್ಟಿಗೆಯಂಥ ಜಾಗದಲ್ಲಿ ಸೈನಿಕರು ಒತ್ತೊತ್ತಾಗಿ ಕೂರಬೇಕು. ಹೊರಗಿನ ದಿಗಂತ ಕಾಣದು. ಮೇಲೆ ಸೆಕೆ ಮತ್ತು ಇಂಧನದ ವಾಸನೆ ಬೇರೆ. ದಡ ಮುಟ್ಟಿದ ಕೂಡಲೇ ಹೋರಾಡಬೇಕಾದವನ ಶಕ್ತಿ ದಾರಿಯಲ್ಲೇ ಸೋರಿಹೋಗುತ್ತದೆ.

1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿದ ಸೈನಿಕರಿಗೆ ಮಾತ್ರೆಗಳ ಜೊತೆಗೆ ವಾಂತಿ ಚೀಲಗಳನ್ನೂ ಕೊಡಲಾಗಿತ್ತು. ಆದರೂ ಅನೇಕರು ನಿತ್ರಾಣರಾಗಿಯೇ ದಡ ಸೇರಿದರು. 1948ರಲ್ಲಿ ಅಮೆರಿಕದ ಸೈನಿಕರನ್ನು ಜರ್ಮನಿಗೆ ಒಯ್ಯುತ್ತಿದ್ದ ಹಡಗೊಂದರಲ್ಲಿ ಡೈಮೆನ್‌ಹೈಡ್ರಿನೇಟ್ ಎಂಬ ಔಷಧಿಯನ್ನು ಪರೀಕ್ಷಿಸಿ ಫಲ ಕಂಡರು. ಬಸ್ ಪ್ರಯಾಣಕ್ಕೆ ಇಂದಿಗೂ ಜನ ಬಳಸುವ ಔಷಧಿಗಳಲ್ಲಿ ಅದೂ ಒಂದು. 1995ರವರೆಗೆ ಮುಂಬೈಯಿಂದ ಹಡಗಿನಲ್ಲಿ ಹಜ್ ಯಾತ್ರೆಗೆ ಹೋಗುತ್ತಿದ್ದ ನಮ್ಮ ಹಿರಿಯರಿಗೂ ಸಮುದ್ರದ ಈ ಪರೀಕ್ಷೆ ತಪ್ಪಿದ್ದಲ್ಲ.

ಹಾಗಾದರೆ ಇದು ಹೇಡಿತನವೇ? ಬ್ರಿಟಿಷ್ ನೌಕಾಪಡೆಯ ಪ್ರಸಿದ್ಧ ಸೇನಾನಿ ನೆಲ್ಸನ್‌ನನ್ನೇ ಸಮುದ್ರದ ವಾಕರಿಕೆ ಜೀವನವಿಡೀ ಕಾಡಿತು. ಇನ್ನು ನಮ್ಮ ಮೈಸೂರಿನ ಸವಾರರು 1918ರ ಸೆಪ್ಟೆಂಬರ್ 23ರಂದು ಕಾರ್ಮೆಲ್ ಬೆಟ್ಟದ ಫಿರಂಗಿಗಳ ಮೇಲೆ ಏರಿಹೋಗಿ, ಜೋಧಪುರದ ಸವಾರರೊಂದಿಗೆ ಹೈಫಾ ಪಟ್ಟಣವನ್ನು ಗೆದ್ದರು. ಸಮುದ್ರವಿಲ್ಲದ ನಾಡಿನವರು ಗೆದ್ದದ್ದು ಒಂದು ಬಂದರನ್ನು!

ಪ್ರಿಯ ವಿದ್ಯಾರ್ಥಿಗಳೇ, ಧೈರ್ಯ ಬೇರೆ, ಒಳಕಿವಿ ಬೇರೆ. ಮುಂದಿನ ಪ್ರವಾಸದಲ್ಲಿ ಗೆಳೆಯನೊಬ್ಬ ವಾಂತಿ ಮಾಡಿಕೊಂಡರೆ ನಗಬೇಡಿ, ನಿಮ್ಮ ಕಿಟಕಿ ಪಕ್ಕದ ಸೀಟನ್ನು ಅವನಿಗೆ ಬಿಟ್ಟುಕೊಡಿ.