ಛಾಟಿನ ಲೆಕ್ಕ

ನಾನು ಕಲಿಸುವುದು ಹಳಗನ್ನಡ. ಆದರೂ ಎಂ.ಎ. ಮಾಡಿದವನಿಗೆ ತಿಳಿಯದ ಕಾಗದವಿಲ್ಲವೆಂಬುದು ನಿಪ್ಪಾಣಿಯ ನನ್ನ ನೆರೆಹೊರೆಯವರ ನಂಬಿಕೆ. 2025ರ ಜುಲೈ ತಿಂಗಳ ಒಂದು ಸಂಜೆ ಹಳೆಯ ವಿದ್ಯಾರ್ಥಿಯೊಬ್ಬನು ಆದಾಯ ತೆರಿಗೆಯ ಕಾಗದ ಹಿಡಿದು ಬಂದನು. ಮೊಬೈಲಿಗೆ ಬಂದ ಅಪ್ಪಣೆಯಂತೆ ಮೋಟಾರ್ ಸೈಕಲ್ಲಿನ ಮೇಲೆ ಮನೆಮನೆಗೆ ಸಾಮಾನು ಮುಟ್ಟಿಸುವುದು ಅವನ ಉದ್ಯೋಗ. ಕಂಪನಿಯವರು ಅವನ ದುಡಿಮೆಯಿಂದ ನೂರಕ್ಕೆ ಒಂದರಂತೆ ತೆರಿಗೆ ಹಿಡಿದಿದ್ದರು.

“ತೆರಿಗಿ ಬೀಳೋವಷ್ಟು ಗಳಿಕೀನ ಇಲ್ಲ ಸರ್ ನನಗ. ಮತ್ತ ರೊಕ್ಕ ಯಾಕ ಮುರಕೊಂಡಾರ ನೋಡ್ರಿ” ಎಂದನು.

ಮುರಿದುಕೊಳ್ಳುವುದು! ತಂಬಾಕಿನ ಈ ಪೇಟೆಯಲ್ಲಿ ಆ ಮಾತಿಗೆ ದೊಡ್ಡ ಚರಿತ್ರೆಯೇ ಉಂಟು. ಅವನ ಅಜ್ಜಿ ಬೀಡಿ ಕಟ್ಟಿ ಸಂಸಾರ ತೂಗಿಸಿದವಳು. ಗುತ್ತಿಗೆದಾರನು ಎಲೆ, ತಂಬಾಕು, ದಾರಗಳನ್ನು ಅಳೆದು ಕೊಡುವನು. ಎಲೆ ನೆನೆಹಾಕಿ, ಕತ್ತರಿಸಿ, ಸುರುಳಿ ಸುತ್ತಿ ಕಟ್ಟಿ ಒಪ್ಪಿಸಬೇಕು. ಕೂಲಿ ದಿನಕ್ಕಲ್ಲ, ಸಾವಿರ ಬೀಡಿಗೆ. ಒಪ್ಪಿಸುವಾಗ ಚೆನ್ನಾಗಿಲ್ಲವೆಂದು ತೆಗೆದಿಟ್ಟ ಬೀಡಿಗೆ ‘ಛಾಟು’ ಎಂದು ಹೆಸರು. ಛಾಟಿಗೆ ಕೂಲಿಯಿಲ್ಲ, ಆದರೆ ಆ ಬೀಡಿ ಅವಳ ಬುಟ್ಟಿಗೆ ಮರಳುತ್ತಲೂ ಇರಲಿಲ್ಲವಂತೆ. ಎಲೆ ಹರಿದು ಕಡಿಮೆ ಬಿದ್ದರೆ ಪೇಟೆಯಲ್ಲಿ ಕೊಂಡು ತುಂಬಿಕೊಡಬೇಕು. ಖರ್ಚೂ ಅವಳದು, ಕಡಿತವೂ ಅವಳಿಗೆ. ಲೆಕ್ಕ ಬರೆಯುವ ಕೈ ಮಾತ್ರ ಇನ್ನೊಬ್ಬರದು.

1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ, ಮನೆಯಲ್ಲಿ ಕುಳಿತು ಕಟ್ಟುವವಳೂ ಕಾರ್ಮಿಕಳೇ ಎಂದು ಒಪ್ಪಿತು. ಇದು ಸಣ್ಣ ಮಾತಲ್ಲ. ಅದರಡಿ ಮೈಸೂರು ರಾಜ್ಯ ಮಾಡಿದ ನಿಯಮವು ಛಾಟನ್ನು ಸಾಮಾನ್ಯವಾಗಿ ನೂರಕ್ಕೆ 5ರ ಮಿತಿಯೊಳಗೆ ಕಟ್ಟಿಹಾಕಿತು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮೊದಲಾದ ಮಾಲೀಕರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 1974ರಲ್ಲಿ ಕೋರ್ಟು ಕಾಯ್ದೆಯನ್ನೂ ಛಾಟಿನ ಮಿತಿಯನ್ನೂ ಎತ್ತಿಹಿಡಿಯಿತು. 1956ರಲ್ಲಿ ಮುಂಬಯಿ ರಾಜ್ಯದಿಂದ ಮೈಸೂರಿಗೆ ಬಂದ ನಿಪ್ಪಾಣಿಗೂ ಈ ನಿಯಮ ಅನ್ವಯಿಸಿತು, ಕಾಗದದ ಮೇಲಂತೂ ನಿಶ್ಚಯವಾಗಿ. ಕಾಗದವೊಂದರಿಂದಲೇ ಕೂಲಿ ಏರುವುದಿಲ್ಲವೆಂಬುದು ಇಲ್ಲಿಯ ಹೆಂಗಸರಿಗೆ ಗೊತ್ತಿತ್ತು. ತಂಬಾಕಿನ ವಖಾರಿಗಳಲ್ಲಿ ದುಡಿಯುವ ಸ್ತ್ರೀಯರು ಸಂಘ ಕಟ್ಟಿ ಹೋರಾಡಿದ ಬಗೆಯನ್ನು ಯುಗಾಂತರ್ ಎಂಬ ತಂಡವು 1982ರಲ್ಲಿ ಚಲನಚಿತ್ರವಾಗಿಯೇ ತೆಗೆಯಿತು.

ಇನ್ನು ಮೊಮ್ಮಗನ ವಿಷಯ. 2020ರ ಸಾಮಾಜಿಕ ಭದ್ರತಾ ಸಂಹಿತೆಯು ಅವನಂಥವರಿಗೆ ‘ಗಿಗ್ ಕಾರ್ಮಿಕ’ ಎಂದು ಹೆಸರಿಟ್ಟು, ಧಣಿ-ಆಳುಗಳ ರೂಢಿಯ ಸಂಬಂಧಕ್ಕೆ ಹೊರಗಿನವರೆಂದಿತು. ಅಜ್ಜಿಯನ್ನು ಒಂದು ಕಾಯ್ದೆ ಒಳಗೆ ಕರೆದಿತ್ತು; ಮೊಮ್ಮಗನನ್ನು ಇನ್ನೊಂದು ಹೊಸ್ತಿಲ ಹೊರಗೆ ನಿಲ್ಲಿಸಿತು. ತೆರಿಗೆಯವರ ಕಣ್ಣಿಗಂತೂ ಅವನೊಬ್ಬ ವ್ಯಾಪಾರಿ. ಆದರೆ ವ್ಯಾಪಾರಿಗೊಂದು ಅನುಕೂಲವುಂಟು. ಪೆಟ್ರೋಲು, ಗಾಡಿಯ ರಿಪೇರಿ, ಮೊಬೈಲಿನ ಖರ್ಚುಗಳನ್ನು, ದುಡಿಮೆಗೆ ತಗಲಿದಷ್ಟು, ಆದಾಯದಿಂದ ಕಳೆಯಬಹುದು. ಕಡಿತದ ಕತ್ತರಿ ಈ ಸಲ ಅವನ ಕೈಯಲ್ಲೇ ಇತ್ತು!

“ಪೆಟ್ರೋಲಿನ ಚೀಟಿ ಎಲ್ಲಿ?” ಎಂದು ಕೇಳಿದೆ. ಒಂದೂ ಇರಲಿಲ್ಲ.

ಪರಿಚಿತ ಲೆಕ್ಕಿಗರೊಬ್ಬರು ದಾರಿ ತೋರಿಸಿದರು. ಸಣ್ಣ ವ್ಯಾಪಾರಿಯು ಬ್ಯಾಂಕಿನ ಮೂಲಕ ಬಂದ ಹಣದಲ್ಲಿ ನೂರಕ್ಕೆ 6ಕ್ಕೆ ಕಡಿಮೆಯಿಲ್ಲದಂತೆ ಲಾಭ ತೋರಿಸಿದರೆ, ಲೆಕ್ಕದ ಪುಸ್ತಕ ಕೇಳದೆ ಒಪ್ಪಲು 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿ ಕಲಮಿನಲ್ಲಿ ಅವಕಾಶವಿತ್ತು. ಹಿಡಿದ ತೆರಿಗೆ ಮರಳಬೇಕಾದರೆ ಮಾತ್ರ ರಿಟರ್ನ್ ಸಲ್ಲಿಸಲೇಬೇಕು. ಸಲ್ಲಿಸಿದ್ದಾಯಿತು, ಮಳೆಗಾಲ ಮುಗಿಯುವುದರೊಳಗೆ ಹಣವೂ ಬಂತು. ಅದೇ ವರ್ಷ ಕರ್ನಾಟಕವು ಗಿಗ್ ಕಾರ್ಮಿಕರಿಗೆಂದು ಕಾಯ್ದೆ ಮಾಡಿ, ಹಣ ಮುರಿದುಕೊಂಡರೆ ಕಾರಣ ತಿಳಿಸಬೇಕೆಂದು ಕಂಪನಿಗಳಿಗೆ ವಿಧಿಸಿತು. ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 1966ರ ಬೀಡಿ ಕಾಯ್ದೆ ಇತಿಹಾಸಕ್ಕೆ ಸೇರಿತು.

ಹಣ ಬಂದ ಸುದ್ದಿ ಹೇಳಲು ಬಂದಾಗ ಅವನು ಅಜ್ಜಿಯ ಟ್ರಂಕಿನಲ್ಲಿದ್ದ ಬೀಡಿಯ ಪುಸ್ತಕವನ್ನೂ ತಂದಿದ್ದನು. ಓದು ಬಾರದ ಆಕೆ ಒಂದು ಹಾಳೆಯನ್ನೂ ಕಳೆದಿರಲಿಲ್ಲ. ಕೊಟ್ಟ ಎಲೆ, ಪಡೆದ ಬೀಡಿ, ತೆಗೆದ ಛಾಟು, ಎಲ್ಲವೂ ಇತ್ತು. ಒಂದು ವಾರದ ಛಾಟನ್ನು ಕೂಡಿಸಿ ನೋಡಿದೆ. ನೂರಕ್ಕೆ ಐದನ್ನು ಅದು ದಾಟಿತ್ತು.